ಕೊಲೆಗಾರ ಯಾರೆಂದು ಗೊತ್ತಾದ ಮೇಲೆ

ಮುಂಬಯಿಯ ಮಾಟುಂಗಾದಲ್ಲಿ ಕಿಂಗ್ಸ್ ಸರ್ಕಲ್ ಬಳಿ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವವರ ಹತ್ತಿರ ಕಳೆದ ತಿಂಗಳು 60 ರೂಪಾಯಿ ಕೊಟ್ಟು ಒಂದು ಪತ್ತೇದಾರಿ ಕಾದಂಬರಿ ತಂದೆ. ಮಾಟುಂಗಾದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ. ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದು ಕಿಟಕಿಯ ಪಕ್ಕ ಕುಳಿತರೆ ಡೊಂಬಿವಲಿಯವರೆಗೆ ನನ್ನನ್ನು ಎಬ್ಬಿಸುವವರಿಲ್ಲ. ಘಾಟ್‌ಕೋಪರ್ ದಾಟುವ ಹೊತ್ತಿಗೆ 11ನೆಯ ಪುಟಕ್ಕೆ ಬಂದಿದ್ದೆ. ಅಲ್ಲಿ ಒಬ್ಬನ ಹೆಸರಿನ ಸುತ್ತ ಕೆಂಪು ಬಾಲ್‌ಪೆನ್ನಿನ ವೃತ್ತ, ವೃತ್ತದಿಂದ ಅಂಚಿಗೆ ಒಂದು ಬಾಣ, ಬಾಣದ ತುದಿಯಲ್ಲಿ ಮರಾಠಿಯಲ್ಲಿ ಎರಡೇ ಪದ: 'ಹಾಚ್ ತೋ'. ಇವನೇ ಅವನು!

ಬರೆದವನಿಗೆ ಮನಸ್ಸಿನಲ್ಲೇ ಕುಂದಾಪುರದ ಬೈಗುಳಗಳನ್ನೆಲ್ಲ ಒಪ್ಪಿಸಿದೆ. ಆದರೂ ಓದುವುದನ್ನು ನಿಲ್ಲಿಸಲಿಲ್ಲ. ಮನೆಗೆ ಬಂದು ರಾತ್ರಿಯೂ ಓದಿದೆ. ಬಸಳೆ ಸೋಸುತ್ತ ಕುಳಿತಿದ್ದ ಹೆಂಡತಿಗೆ ಈ ಬಾಣದ ಕಥೆ ಹೇಳಿದಾಗ ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: "ಅಲ್ಲ ಮಾರಾಯರೇ, ಕೊಂದವನು ಯಾರೆಂದು ಗೊತ್ತಾಯಿತಲ್ಲ. ಇನ್ನು ಏನು ಹುಡುಕುತ್ತೀರಿ ಅದರಲ್ಲಿ?"

ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಹುಡುಗನಾಗಿದ್ದಾಗ ನಾನೂ ಅವಳ ಪಕ್ಷದವನೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮ್ಮ ಪಾಲಿಗೆ ಮನೆಯ ಹಿರಿಯಣ್ಣನಿದ್ದಂತೆ. ಆ ಮನುಷ್ಯ ನೂರಾರು ಕಾದಂಬರಿ ಬರೆದರು. ಊರಿನ ಲೈಬ್ರರಿಯಲ್ಲಿ ಅವುಗಳ ಬೈಂಡು ಕಿತ್ತು ಹೋಗುವಷ್ಟು ನಾವು ಓದಿದೆವು. ಕನ್ನಡದಲ್ಲಿ ಲಕ್ಷಾಂತರ ಜನರಿಗೆ ಓದುವ ಚಟ ಹತ್ತಿಸಿದ ಪುಸ್ತಕಗಳು ಅವು. ಸಾಹಿತ್ಯ ಚರಿತ್ರೆಯವರು ಅವರನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಪುಸ್ತಕಗಳಲ್ಲಿ ಕೊನೆಯ ಹಾಳೆ ಹರಿದಿದ್ದರೆ ನಮಗೆ ಅಂದು ಊಟ ಸೇರುತ್ತಿರಲಿಲ್ಲ.

ನನ್ನ ರುಚಿ ಬದಲಾದದ್ದು ಪುಸ್ತಕದಿಂದಲ್ಲ, ನೌಕರಿಯಿಂದ. 30 ವರ್ಷಕ್ಕೂ ಹೆಚ್ಚು ಕಾಲ ಒಂದು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದವನು ನಾನು. ಶಾಖೆಯಿಂದ ಶಾಖೆಗೆ ಹೋಗಿ ವೋಚರುಗಳನ್ನು ಲೆಡ್ಜರಿನೊಂದಿಗೆ ತಾಳೆ ನೋಡಿ ಹಸಿರು ಪೆನ್ನಿನಲ್ಲಿ ಟಿಕ್ ಹಾಕುವ ಕೆಲಸ. ಕಂಪ್ಯೂಟರ್ ಇನ್ನೂ ಬಂದಿರದ ಕಾಲದಲ್ಲಿ, ಉಪನಗರದ ಒಂದು ಶಾಖೆಗೆ ಹೋಗಿದ್ದೆ. ಎರಡು ವರ್ಷ ವಹಿವಾಟು ಇಲ್ಲದ ಖಾತೆಯನ್ನು ನಿಷ್ಕ್ರಿಯ ಎಂದು ಬೇರೆ ಮಾಡಿಡುವುದು ರೂಢಿ. ಮಲಗಿರುವ ಖಾತೆ ಒಂದು ದಿನ ಎದ್ದು ಕುಳಿತರೆ ಇನ್‌ಸ್ಪೆಕ್ಟರನ ಕಿವಿಯೂ ನೆಟ್ಟಗಾಗಬೇಕು. ಅಲ್ಲಿ ಅಂಥದೊಂದು ಖಾತೆ ಸಿಕ್ಕಿತು. ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ವಿಮೆಯ ಹಣವನ್ನು ಇಟ್ಟು ಊರಿಗೆ ಹೋದ ನಮ್ಮ ಕಡೆಯ ಹೆಂಗಸಿನದು. ಆಕೆಯ ಸಹಿ ಕನ್ನಡದಲ್ಲಿತ್ತು. ಆ ಶಾಖೆಯಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ.

ನಮೂನೆ ಸಹಿಯ ಕಾರ್ಡನ್ನೂ ಹಣ ತೆಗೆದ ಸ್ಲಿಪ್ಪುಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡೆ. ಹೆಸರಿನ ಕೊನೆಯಲ್ಲಿ 'ಮ್ಮ' ಇತ್ತು. ಕಾರ್ಡಿನಲ್ಲಿ ಆಕೆ ಒತ್ತಕ್ಷರವನ್ನು ಕೈ ಎತ್ತದೆ ಎಳೆದು, ಬಾಲವನ್ನು ಬಲಕ್ಕೆ ಹಾರಿಸಿದ್ದಳು. ದೊಡ್ಡವಳಾದ ಮೇಲೆ ಅಕ್ಷರ ಕಲಿತವರ ಒತ್ತಾಯದ, ಆದರೆ ತಪ್ಪಿಲ್ಲದ ಬರಹ. ಸ್ಲಿಪ್ಪುಗಳಲ್ಲಿ ಅದೇ ಒತ್ತು ಮೇಲಿನ ಅಕ್ಷರದಿಂದ ಕಳಚಿ ಬಿದ್ದ ಗುಂಡಿಯ ಹಾಗೆ ಕೆಳಗೆ ಒಂಟಿಯಾಗಿ ಕುಳಿತಿತ್ತು. ಒಂದು ಸೊನ್ನೆ, ಅದಕ್ಕೊಂದು ಕೊಕ್ಕೆ. ಎಲ್ಲಿ ಶುರುಮಾಡಿ ಎಲ್ಲಿ ಮುಗಿಸಬೇಕೆಂದು ಗೊತ್ತಿಲ್ಲದವನು ಅದನ್ನು ಚಿತ್ರದಂತೆ ಬಿಡಿಸಿದ್ದ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಾರ ಕೈ ಎಂಬುದು ಖಚಿತವಾಯಿತು. ಕ್ಯಾಷಿಯರ್. ಆರು ವರ್ಷದಿಂದ ಒಂದು ದಿನವೂ ರಜೆ ಹಾಕದ, ಸ್ವಂತ ತಂಗಿಯ ಮದುವೆಯ ದಿನವೂ ಬೆಳಿಗ್ಗೆ ಕೌಂಟರಿಗೆ ಬಂದು ಹೋದ, ಎಲ್ಲರೂ ಹೊಗಳುತ್ತಿದ್ದ ಮನುಷ್ಯ. (ರಜೆ ಹಾಕದವನನ್ನು ಕಂಡರೆ ನಮ್ಮ ವೃತ್ತಿಯವರಿಗೆ ಒಳಗೊಳಗೇ ಅನುಮಾನ. 2021ರಲ್ಲಿ ರಿಸರ್ವ್ ಬ್ಯಾಂಕು, ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮೊದಲೇ ತಿಳಿಸದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳಿಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಕುರ್ಚಿ ಖಾಲಿಯಾದಾಗ ತಾನೇ ಅದರಡಿಯಲ್ಲಿ ಏನಿದೆಯೆಂದು ಕಾಣುವುದು.)

ಎರಡನೆಯ ದಿನವೇ ಕಳ್ಳ ಸಿಕ್ಕ. ಆದರೆ ನಾನು ಆ ಶಾಖೆಯಲ್ಲಿ ಇನ್ನೂ 19 ದಿನ ಕುಳಿತೆ. ಹಿಂದಿನ ವೋಚರುಗಳ ಕಟ್ಟು ಬಿಚ್ಚುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ಮೊದಲ ಸಲ ಅವನು ತೆಗೆದದ್ದು 400 ರೂಪಾಯಿ, ಜೂನ್ ತಿಂಗಳಲ್ಲಿ. ಮಕ್ಕಳ ಶಾಲೆಯ ಫೀಸಿನ ತಿಂಗಳು. ಆಗಸ್ಟಿನಲ್ಲಿ ಅದೇ 400 ರೂಪಾಯಿ ಅದೇ ಖಾತೆಗೆ ಮರಳಿತ್ತು. ಎರಡನೆಯ ಸಲ 700, ಅದೂ ಮರಳಿತ್ತು. ಮೂರನೆಯದೂ. ನಾಲ್ಕನೆಯದು ಮರಳಲಿಲ್ಲ, ಅಲ್ಲಿಂದಾಚೆಗೆ ಯಾವುದೂ ಮರಳಲಿಲ್ಲ. ಮೂರನೆಯ ಮತ್ತು ನಾಲ್ಕನೆಯ ಸ್ಲಿಪ್ಪಿನ ನಡುವೆ ಐದು ತಿಂಗಳ ಅಂತರ. ಆ ಐದು ತಿಂಗಳಲ್ಲಿ ಏನಾಯಿತು? ವರದಿಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ. ನನಗೆ ಬೇಕಾದದ್ದು ಅದೊಂದೇ ಆಗಿತ್ತು. ಅವನು ದಿನಾ ನಾಲ್ಕು ಗಂಟೆಗೆ ನನ್ನ ಮೇಜಿಗೆ ಕಟಿಂಗ್ ಚಹಾ ತಂದಿಡುತ್ತಿದ್ದ. ಗೊತ್ತಾದ ಮೇಲೂ ಕುಡಿದೆ.

ನಿಧಾನವಾಗಿ ನಡೆಯುವ ಅಪರಾಧ ಕಾದಂಬರಿಗಳು ನನ್ನ ಕೈಹಿಡಿದದ್ದು ಅದರ ನಂತರ. ಬೆಲ್ಜಿಯಂನ ಜಾರ್ಜ್ ಸಿಮೆನಾನ್ 1931ರಿಂದ 1972ರವರೆಗೆ ಮೆಗ್ರೆ ಎಂಬ ಪೊಲೀಸ್ ಅಧಿಕಾರಿಯನ್ನಿಟ್ಟುಕೊಂಡು 75 ಕಾದಂಬರಿ ಪ್ರಕಟಿಸಿದ. ಈ ಮೆಗ್ರೆ ಭೂತಗನ್ನಡಿ ಹಿಡಿದು ನೆಲ ತಡವುವವನಲ್ಲ. ಸತ್ತವನ ಬೀದಿಯಲ್ಲಿ ಒಂದು ಬಾರಿನಲ್ಲಿ ಕುಳಿತು, ಪೈಪು ತುಂಬಿಸಿಕೊಂಡು, ಅಲ್ಲಿಯ ಜನ ಬರುವುದು ಹೋಗುವುದು ನೋಡುತ್ತಾನೆ. ಓದುವಾಗ ನನಗೆ ಶಾಖೆಯ ಮೂಲೆಯ ಮೇಜು ನೆನಪಾಗುತ್ತದೆ. ಹೊರಗಿನಿಂದ ಬಂದವನು ಎರಡು ದಿನ ಅಪರಿಚಿತ, ನಾಲ್ಕನೆಯ ದಿನಕ್ಕೆ ಪೀಠೋಪಕರಣ. ಆಮೇಲೆ ಜನ ಅವನೆದುರೇ ಜಗಳವಾಡತೊಡಗುತ್ತಾರೆ.

ಸ್ವೀಡನ್ನಿನಲ್ಲಿ ಒಟ್ಟಿಗೆ ಬಾಳುತ್ತಿದ್ದ ಲೇಖಕ ಜೋಡಿ ಮಾಯ್ ಶೋವಾಲ್ ಮತ್ತು ಪೆರ್ ವಾಲೂ ಇನ್ನೂ ಒಂದು ಹೆಜ್ಜೆ ಮುಂದೆ. 1965ರಿಂದ 1975ರವರೆಗೆ ಹತ್ತು ಪುಸ್ತಕ. ಮಕ್ಕಳನ್ನು ಮಲಗಿಸಿದ ಮೇಲೆ ರಾತ್ರಿ ಕುಳಿತು ಒಂದು ಅಧ್ಯಾಯ ಇವಳು, ಒಂದು ಅಧ್ಯಾಯ ಅವನು. ಮೊದಲ ಪುಸ್ತಕದಲ್ಲಿ ಕಾಲುವೆಯೊಂದರ ಹೂಳಿನಲ್ಲಿ ಹೆಂಗಸಿನ ಹೆಣ ಸಿಗುತ್ತದೆ. ಮೂರು ತಿಂಗಳು ಕಳೆದರೂ ಪೊಲೀಸರ ಕೈಯಲ್ಲಿರುವುದು ಅವಳ ಹೆಸರು, ಅವಳ ಊರು, ಅಷ್ಟೇ. ಪತ್ರ ಬರೆಯುತ್ತಾರೆ, ಉತ್ತರಕ್ಕೆ ಕಾಯುತ್ತಾರೆ, ಮತ್ತೆ ಬರೆಯುತ್ತಾರೆ. ತನಿಖೆ ಮಾಡುವ ಮಾರ್ಟಿನ್ ಬೆಕ್‌ಗೆ ಬಿಡದ ನೆಗಡಿ, ಹೊಟ್ಟೆಯ ತೊಂದರೆ. ಮನೆಯಲ್ಲಿ ಹೆಂಡತಿಯ ಜೊತೆ ಮಾತಿಲ್ಲದೆ ಆಟಿಕೆ ಹಡಗು ಜೋಡಿಸುತ್ತಾನೆ. ಕಥೆಯ ಪ್ರಕಾರ ಆ ಹಡಗಿಗೂ ಕೊಲೆಗೂ ಸಂಬಂಧವಿಲ್ಲ. ಆದರೆ ಅದನ್ನು ಕಿತ್ತು ತೆಗೆದರೆ, ಸತ್ತವಳನ್ನು ಇವನೊಬ್ಬ ಯಾಕೆ ಮರೆಯಲಾರ ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿಯೂ ಇದೆ, ಪತ್ತೇದಾರಿ ಎಂಬ ಹಣೆಪಟ್ಟಿ ಇಲ್ಲದೆ. ಯಶವಂತ ಚಿತ್ತಾಲರ 'ಶಿಕಾರಿ'ಯನ್ನು (1979) ನಾನು ಓದುವುದೇ ಹಾಗೆ. ಇದೇ ಮುಂಬಯಿ, ಒಂದು ಕಂಪೆನಿ, ನಾಗಪ್ಪನೆಂಬ ಅಧಿಕಾರಿ. ತನ್ನ ಮೇಲಿನ ಆರೋಪ ಏನೆಂದೇ ಸ್ಪಷ್ಟವಿಲ್ಲದೆ ಬೇಟೆಗೆ ಸಿಕ್ಕವನು ಅವನು. ಫೋನು ರಿಂಗಾದರೆ ಓದುವವನ ಎದೆ ಹೊಡೆದುಕೊಳ್ಳುತ್ತದೆ. ಆಫೀಸಿನ ನಗುವಿನಲ್ಲಿ ಎಷ್ಟು ಚೂರಿಗಳಿರಬಲ್ಲವು ಎಂಬುದನ್ನು ಫೋರ್ಟ್‌ನಲ್ಲೋ ಅಂಧೇರಿಯಲ್ಲೋ ನೌಕರಿ ಮಾಡಿದ ಕನ್ನಡಿಗನಿಗೆ ಬಿಡಿಸಿ ಹೇಳಬೇಕಿಲ್ಲ.

ನಿಧಾನವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಈಚೆಗೆ ಬರುವ ಕೆಲವು ಪುಸ್ತಕಗಳಲ್ಲಿ ಮೊದಲ 50 ಪುಟ ಮಳೆ, ಮುಂದಿನ 50 ಪುಟ ಪತ್ತೇದಾರನ ಕುಡಿತ. ಮಳೆಯನ್ನು ನೋಡಲು ನನಗೆ ಡೊಂಬಿವಲಿಯ ಜುಲೈ ಸಾಕು. ಪಾತ್ರಕ್ಕೆ ಒಂದು ಹಳೆಯ ದುಃಖವನ್ನು ತಾಯಿತದ ಹಾಗೆ ಕಟ್ಟಿಬಿಟ್ಟರೆ ಆಳ ಬಂದುಬಿಡುವುದಿಲ್ಲ. ಮೂರನೆಯ ಸ್ಲಿಪ್ಪಿಗೂ ನಾಲ್ಕನೆಯದಕ್ಕೂ ನಡುವಿನ ಐದು ತಿಂಗಳನ್ನು ತೋರಿಸಬಲ್ಲವನು ಎಷ್ಟು ಪುಟವನ್ನಾದರೂ ತೆಗೆದುಕೊಳ್ಳಲಿ, ಸ್ಲೋ ಗಾಡಿಯಲ್ಲಿ ನನಗೆ ಜಾಗವಿದೆ.

ಕೆಂಪು ಬಾಣದ ಪುಸ್ತಕವನ್ನು ಮುಗಿಸಿದೆ. 'ಹಾಚ್ ತೋ' ಎಂದವನು ಸುಳ್ಳು ಹೇಳಿರಲಿಲ್ಲ. ಆ ಬಾಣದಿಂದಾಗಿ, ಕೊಲೆಗಾರ ತನ್ನ ಮಗಳಿಗೆ ಚಪ್ಪಲಿ ಕೊಳ್ಳುವ ಪುಟವನ್ನು ನಾನು ಎರಡು ಸಲ ಓದಿದೆ. ಈಗ ಅದು ಹೆಂಡತಿಯ ದಿಂಬಿನ ಪಕ್ಕದಲ್ಲಿದೆ. ಯಾವ ಪುಟಕ್ಕೆ ಬಂದಿದ್ದಾಳೆಂದು ಕೇಳಿದರೆ ರೇಗುತ್ತಾಳೆ.

ಅವಳಿಗೆ ಹೇಳದ ಒಂದು ಸಂಗತಿ ಉಳಿದಿದೆ. ಆ ಶಾಖೆಯಲ್ಲಿ ನನ್ನ ಕೊನೆಯ ದಿನ ಕ್ಯಾಷಿಯರನ ಹೇಳಿಕೆ ಬರೆಸಿಕೊಂಡಾಗಿತ್ತು. ಹೆಂಗಸಿನ ಹಣವನ್ನು ಬ್ಯಾಂಕು ತುಂಬಿಕೊಡುವುದೆಂದು ತೀರ್ಮಾನವಾಗಿತ್ತು, ಇವನನ್ನು ಕೆಲಸದಿಂದ ಅಮಾನತು ಮಾಡಿದ ಕಾಗದವೂ ಬಂದಿತ್ತು. ಐದು ತಿಂಗಳ ಬಗ್ಗೆ ಕೇಳಿದ್ದಕ್ಕೆ ಅವನು ಬಾಯಿ ಬಿಡಲಿಲ್ಲ. ಎದ್ದು ಬಾಗಿಲವರೆಗೆ ಹೋದವನು ತಿರುಗಿ ಬಂದು ಮರಾಠಿಯಲ್ಲಿ ಕೇಳಿದ: "ಸಾಹೇಬ್, ನಾನು ತಪ್ಪಿದ್ದು ಯಾವ ಅಕ್ಷರದಲ್ಲಿ?"

ಹಣ ತುಂಬುವ ಸ್ಲಿಪ್ಪಿನ ಹಿಂಬದಿಯಲ್ಲಿ ಹಸಿರು ಪೆನ್ನಿನಿಂದ 'ಮ್ಮ' ಎಂದು ದೊಡ್ಡದಾಗಿ, ನಿಧಾನವಾಗಿ, ಒತ್ತು ಎಲ್ಲಿಂದ ಶುರುವಾಗುತ್ತದೆಂದು ಕಾಣುವ ಹಾಗೆ ಬರೆದು ತೋರಿಸಿದೆ. ಅವನು ಅದರ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಸ್ಲಿಪ್ಪನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟುಹೋದ.