ಗೀಸರ್ ಗುಂಡಿಯ ಮೇಲೊಂದು ಚುಕ್ಕಿ

ಮಡಿಕೇರಿಯಲ್ಲಿ ಚಳಿ ಶುರುವಾಗಿದೆ. ಎದ್ದ ಕೂಡಲೇ ಗೀಸರ್ ಹಾಕಿದೆ. ನನಗೆ ಕಣ್ಣು ಕಾಣುವುದಿಲ್ಲ, ಅದರ ಕೆಂಪು ದೀಪದಿಂದ ನನಗೇನೂ ಗೊತ್ತಾಗದು. ಸ್ವಿಚ್ಚಿನ ಕೆಳತುದಿ ಒಳಗೆ ಹೋಗಿದ್ದರೆ ಆನ್. ನೀರು ಕಾಯುವಾಗ ಸಣ್ಣಗೆ ಗುಂಯ್ ಅನ್ನುತ್ತದೆ. ಥರ್ಮೋಸ್ಟಾಟ್ ಟಕ್ ಅಂದರೆ ಕಾದಿದೆ ಅಂತ. ಗುಂಡಿಯಲ್ಲಿ 50 ಡಿಗ್ರಿ ಇರುವ ಕಡೆ ಅಕ್ಕ ಎಂ-ಸೀಲ್‌ನಿಂದ ಒಂದು ಉಬ್ಬು ಚುಕ್ಕಿ ಇಟ್ಟಿದ್ದಾಳೆ. ಅಷ್ಟು ಸಾಕು.

ಹೊಸ ವಾಷಿಂಗ್ ಮೆಷಿನ್‌ದೇ ಬೇಜಾರು. ನುಣ್ಣಗಿನ ಟಚ್ ಪ್ಯಾನೆಲ್. ಸುಮ್ನೆ ಬೆರಳು ತಾಗಿದರೂ ಬೀಪ್, ಎಲ್ಲಾ ಬೀಪೂ ಒಂದೇ ಥರ. ಎಲ್ಲರೂ ಬಳಸಬಹುದಾದ ಸಾಮಾನು ತಯಾರಾಗುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್‌ನಲ್ಲೇ ಇದೆ. ಅಕ್ಕನಿಗೆ ಹೊಳೆದದ್ದು ಮೆಷಿನ್ ಮಾಡುವವರಿಗೂ ಹೊಳೆಯಬೇಕಿತ್ತು, ಅಲ್ವಾ?

ಟಕ್ ಅಂತು. ಸ್ನಾನಕ್ಕೆ ಹೊರಟೆ.