ಕಬ್ಬಿಣಕ್ಕೆ ಅಂಜುವವರು

ಮೇ ತಿಂಗಳ ಆ ಭಾನುವಾರ ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನಲ್ಲಿ ಕರೆಂಟು ಹೋಗಿ ಒಂದು ತಾಸಾಗಿತ್ತು. ಪಡಸಾಲೆಯ ಹಾಸುಗಲ್ಲಿನ ಮೇಲೆ ಮಗಳು ಅಂಗಾತ ಮಲಗಿ ಇಂಗ್ಲಿಷ್ ಕಾದಂಬರಿ ಓದುತ್ತಿದ್ದಳು. ರಕ್ಷಾಪುಟದ ಮೇಲೆ ಮುಳ್ಳುಬಳ್ಳಿ, ಬಳ್ಳಿಯ ನಡುವೆ ಕಿರೀಟ. ಹತ್ತನೇ ಪರೀಕ್ಷೆ ಮುಗಿದ ಮೇಲೆ ಇದು ಮೂರನೇ ಪುಸ್ತಕ. ಮೂರರಲ್ಲೂ ಫೇರಿಗಳು, ಮಾಯೆ, ಹದಿನೇಳರ ಹುಡುಗಿ, ಅವಳ ಮೇಲೆ ಮನಸ್ಸಿಟ್ಟ ಒಬ್ಬ ರಾಜಕುಮಾರ.

ಅವಳು ಸ್ನಾನಕ್ಕೆ ಹೋದಾಗ ನಾನು ಎರಡು ಪುಟ ಕದ್ದು ಓದಿದ್ದೆ. ನನ್ನದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ಆ ವಯಸ್ಸಿನ ಹುಡುಗಿಯರು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಏನೇನು ಬರೆಯುತ್ತಾರೆ ಎಂದು ಗೊತ್ತು. ಹೀಗಾಗಿ ಹೊಟ್ಟೆಯಲ್ಲಿ ಸಣ್ಣ ಭಯ ಕೂತಿತ್ತು. ಹೇಗೆ ಮಾತು ತೆಗೆಯಲಿ ಎಂದು ಯೋಚಿಸುತ್ತಿದ್ದಾಗಲೇ ಬಾಗಿಲ ಬಳಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅವ್ವ ಕೇಳಿದಳು.

"ಏನೈತೆವ್ವಾ ಅದ್ರಾಗ? ಉಣ್ಣೂದೂ ಮರತ್ ಓದಾಕತ್ತಿ. ನನಗೂ ಒಂದಿಷ್ಟ್ ಹೇಳಲಾ."

ಮಗಳು ಎದ್ದು ಕೂತಳು. ಫೇರಿ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನನ್ನ ಕಡೆ ನೋಡಿದಳು. ಮಕ್ಕಳ ಪುಸ್ತಕಗಳಲ್ಲಿ ಕಿನ್ನರಿ, ಯಕ್ಷಿಣಿ ಎಂದು ಬರೆಯುತ್ತಾರೆ. ನಮ್ಮ ಪಕ್ಕದ ಮನೆಯ ಮುಸ್ಲಿಂ ಅಜ್ಜಿ ಕಥೆ ಹೇಳುವಾಗ ಪರಿ ಅನ್ನುತ್ತಾಳೆ. ಯಾವುದೂ ಸರಿ ಹೊಂದಲಿಲ್ಲ. ಇವರು ರೆಕ್ಕೆ ಕಟ್ಟಿಕೊಂಡು ಹೂವಿನ ಮೇಲೆ ಕೂರುವವರಲ್ಲ. ಐರ್ಲೆಂಡು, ಸ್ಕಾಟ್ಲೆಂಡಿನ ಹಳ್ಳಿಯ ಜನ ಹೆಸರು ಹಿಡಿದು ಕರೆಯಲಿಕ್ಕೂ ಅಂಜಿ ‘ಒಳ್ಳೆಯ ಮಂದಿ’ ಅಂದವರು.

"ಆಯೀ, ಅವ್ರು ನಮ್ಹಂಗ ಇರ್ತಾರ, ಆದ್ರ ನಮ್ಮವರಲ್ಲ. ನೀರಿನ ಆಚೆ, ಗುಡ್ಡದ ಒಳಗ ಇರ್ತಾರ. ಈ ಹುಡುಗೀ ಸಣ್ಣ ತಮ್ಮನ್ನ ತೊಟ್ಲಾಗಿಂದ ಒಯ್ದು, ತಮ್ಮ ಕೂಸನ್ನ ಅಲ್ಲಿ ಇಟ್ ಹೋಗ್ಯಾರ."

ಅವ್ವನ ಕೈ ನಿಂತಿತು. "ತೊಟ್ಲಾಗ ಕಬ್ಬಿಣ ಇಟ್ಟಿರ್ಲಿಲ್ಲೇನು?"

ಮಗಳು ಬೆರಗಾಗಿ ನನ್ನನ್ನೂ ಅವ್ವನನ್ನೂ ನೋಡಿದಳು. ಫೇರಿಗಳಿಗೆ ಕಬ್ಬಿಣ ಆಗದು ಎನ್ನುವ ಮಾತು ಪುಸ್ತಕದಲ್ಲಿ ನೂರಾರು ಪುಟ ಕಳೆದ ಮೇಲೆ ಬರುತ್ತದಂತೆ. ಅಲ್ಲಿಯ ತಾಯಂದಿರೂ ತೊಟ್ಟಿಲ ಹತ್ತಿರ ಕಬ್ಬಿಣದ ಇಕ್ಕಳ, ಕತ್ತರಿ ಇಡುತ್ತಿದ್ದರು. ಅವ್ವ ಕೈಯಲ್ಲಿದ್ದ ಅಡಕತ್ತರಿಯನ್ನು ಸೆರಗಿನಿಂದ ಒರೆಸಿ ಮೊಮ್ಮಗಳ ಅಂಗೈಯಲ್ಲಿಟ್ಟಳು. "ನೀ ಹುಟ್ಟಿದಾಗ ಹದಿಮೂರ್ ದಿನ ನಿನ್ನ ತಲಿದಿಂಬಿನ ಕೆಳಗ ಇದs ಇತ್ತು. ನಿಮ್ಮವ್ವನ ತಲಿ ಕೆಳಗೂ ಇದs."

ಆ ಅಡಕತ್ತರಿಯನ್ನು ದಿನಾ ನೋಡಿದ್ದರೂ ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಹಿಡಿಕೆ ಹೆಬ್ಬೆರಳಿನ ಒತ್ತಿಗೆ ಒಂದು ಕಡೆ ತಗ್ಗಾಗಿದೆ. ತುದಿಯಲ್ಲಿ ಗಿಳಿಯ ತಲೆ, ಕೊಕ್ಕು ಸವೆದು ಗುಬ್ಬಿಯಂತಾಗಿದೆ. ತಿರುಗಣಿಯ ಸಂದಿಯಲ್ಲಿ ಅಡಿಕೆಯ ಪುಡಿ ಸೇರಿ ಕಪ್ಪಗೆ ಗಟ್ಟಿಯಾಗಿದೆ. ಮೂಗಿಗೆ ಹಿಡಿದರೆ ಸುಣ್ಣ, ತುಕ್ಕು, ಎಲೆಯ ವಾಸನೆ ಒಟ್ಟಿಗೆ ಬರುತ್ತದೆ. ಮಗಳು ಅದನ್ನು ಮತ್ತೆ ಮತ್ತೆ ಮೂಸಿದಳು.

ಆಮೇಲೆ ಇಬ್ಬರಿಗೂ ನನ್ನ ಹಂಗಿರಲಿಲ್ಲ. ಮಗಳು ಒಂದು ಕಟ್ಟಳೆ ಹೇಳಿದರೆ ಅವ್ವ ಅದರ ಜೋಡಿ ತೆಗೆಯುತ್ತಿದ್ದಳು. ಆ ನಾಡಿನಲ್ಲಿ ಕೊಟ್ಟದ್ದನ್ನು ತಿಂದರೆ ತಿರುಗಿ ಬರಲಾಗದು ಅಂದಾಗ ಅವ್ವ, ಜಾತ್ರೆಯಲ್ಲಿ ಗುರುತಿಲ್ಲದವರು ಕೊಟ್ಟ ಬೆಂಡು ಬೆತ್ತಾಸು ಬಾಯಿಗೆ ಹಾಕಬಾರದೆಂದು ತನ್ನವ್ವ ಹೇಳುತ್ತಿದ್ದುದನ್ನು ನೆನೆದಳು. ಅವರಿಗೆ ನಿನ್ನ ನಿಜವಾದ ಹೆಸರು ಸಿಗಬಾರದು ಅಂದಾಗ, "ಹೊತ್ತು ಮುಣಗಿದ ಮ್ಯಾಲ ಹೊರಗಿಂದ ಯಾರರೆ ಹೆಸರ್ ಹಿಡದು ಕರದ್ರ, ಮೂರನೇ ಸಲ ಕರಿಯೂ ತನಕ ಓ ಅನಬಾರ್ದು. ಗಾಳಿ ಎರಡs ಸಲ ಕರೀತೈತಿ" ಅಂದಳು.

ಪ್ರೀತಿಯ ವಿಷಯ ಬಂತು. ಮಗಳ ದನಿ ತಗ್ಗಿತು. ಆ ರಾಜಕುಮಾರ ಸುಳ್ಳು ಹೇಳಲಾರ. ಆ ಕುಲದವರಿಗೆ ಸುಳ್ಳು ನಾಲಿಗೆಗೇ ಬರದು. ಅವ್ವ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಸುಳ್ಳ ಹೇಳಾಕ ಬರದವ ಭಾಳ ಶಾಣ್ಯಾ ಇರ್ತಾನವ್ವಾ. ಅವ ಏನ್ ಹೇಳಿದಾ ಅನ್ನೂದಲ್ಲ, ಯಾವ್ದು ಹೇಳ್ಲಿಲ್ಲಾ ಅದನ್ನ ಕೇಳಬೇಕು" ಅಂದಳು. ಮಗಳು ಪುಟ ತಿರುವಿ ಒಂದು ಕಡೆ ಬೆರಳಿಟ್ಟಳು. ಹುಡುಗಿ ಮೋಸ ಹೋಗುವುದು ಅಲ್ಲಿಯೇ. ಮಗಳನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಬುದ್ಧಿ ಹೇಳಿದ್ದರೂ ನನ್ನಿಂದ ಆ ಮಾತು ಬರುತ್ತಿರಲಿಲ್ಲ.

"ಅವ ಆಕೀನ್ನ ಒಯ್ದನೋ, ಕೇಳಿ ಕರಕೊಂಡ್ ಹ್ವಾದನೋ?" ಅವ್ವ ಕೇಳಿದಳು.

"ಕೇಳಿದಾ, ಆಯಿ. ಮೂರ್ ಸಲ ಕೇಳಿದಾ."

"ಹಂಗಾರ ಛಲೋ ಇದ್ದಾನ. ನಮ್ಮನ್ನ ಯಾರ್ ಕೇಳಿದ್ರು."

ಅದು ಲಗ್ನದ ಮಾತೋ ಊರಿನ ಮಾತೋ ಎಂದು ನಾನು ಕೇಳಲಿಲ್ಲ. ಅವ್ವನ ತವರು ಘಟಪ್ರಭೆಯ ದಂಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಓದು ಬರಹ ಇಲ್ಲದ ಅವ್ವನಿಗೆ 519.60 ಎಂಬ ಅಂಕಿ ಬಾಯಿಪಾಠ. ನಮ್ಮ ಕಡೆ ಅದು ಎಲ್ಲರಿಗೂ ಬಾಯಿಪಾಠವೇ. ಅಣೆಕಟ್ಟಿನಲ್ಲಿ ನೀರು ಅಷ್ಟು ಮೀಟರಿಗೆ ನಿಲ್ಲುತ್ತದೆ, ಅದನ್ನು 524.256ಕ್ಕೆ ಏರಿಸುತ್ತಾರೆ ಎಂದು ಕೇಳುತ್ತಲೇ ನಾವು ಬೆಳೆದವರು. ಮನೆ ಬಿಡುವಾಗ ತೊಲೆ, ಬಾಗಿಲು ಕಿತ್ತು ತಂದರು. ನದಿಯ ದಂಡೆಯ ಏಳು ಕಲ್ಲುಗಳನ್ನು ತರಲಿಲ್ಲ. ಅವು ನೀರಿನ ಏಳು ಮಂದಿ ಅಕ್ಕತಂಗಿಯರು. ಮರಾಠಿಯವರು ಸಾತೀ ಆಸರಾ ಅನ್ನುವುದು ಇವರನ್ನೇ. ಅಪ್ಸರೆಯೇ ಜನರ ಬಾಯಲ್ಲಿ ಆಸರಾ ಆದದ್ದು. ಹೊಸ ಬಾಣಂತಿ ಮೊದಲ ಸಲ ನೀರಿಗೆ ಹೋದಾಗ ಆ ಕಲ್ಲುಗಳಿಗೆ ಗುಳೇದಗುಡ್ಡದ ಖಣ, ಹಸಿರು ಬಳೆ ಏರಿಸಿ ಬರುತ್ತಿದ್ದಳು.

ಮಗಳು ಆಗ ಒಂದು ಸಂಗತಿ ಹೇಳಿದಳು. ಐರ್ಲೆಂಡಿನ ಕ್ಲೇರ್ ಸೀಮೆಯಲ್ಲಿ, ಲಟೂನ್ ಎಂಬಲ್ಲಿ, ಹೊಸ ರಸ್ತೆಯ ದಾರಿಯಲ್ಲಿ ಒಂದು ಮುಳ್ಳಿನ ಗಿಡವಿತ್ತು. ಅದು ಫೇರಿಗಳು ಸೇರುವ ಜಾಗ, ಕಡಿಯಬೇಡಿ ಎಂದು ಎಡ್ಡಿ ಲೆನಿಹನ್ ಎಂಬ ಕಥೆಗಾರ 1999ರಲ್ಲಿ ಹಟ ಹಿಡಿದ. ರಸ್ತೆಯ ನಕ್ಷೆ ತಿದ್ದಿದರು, ಗಿಡ ಉಳಿಯಿತು.

"ಒಂದು ಗಿಡಕ್ಕ?" ಅಂದಳು ಅವ್ವ. ಬಹಳ ಹೊತ್ತು ಬೇರೇನೂ ಅನ್ನಲಿಲ್ಲ. ಆಮೇಲೆ, "ಸಂಜೀಕ ನೀರಿನ ಕಡೆ ಹೋಗಿ ಬರೂಣು" ಅಂದಳು.

ಐದೂವರೆಗೆ ಆಟೋ ಹಿಡಿದು ಹೋದೆವು. ಬೇಸಿಗೆಗೆ ಹಿನ್ನೀರು ಹಿಂದೆ ಸರಿದಿತ್ತು. ಬಿರಿದ ಎರೆಮಣ್ಣಿನಲ್ಲಿ ಯಾರದೋ ಮನೆಯ ಬುನಾದಿ, ಒಂದು ಒರಳುಕಲ್ಲು. ಏಳು ಕಲ್ಲುಗಳಿದ್ದ ಜಾಗ ಇನ್ನೂ ದೂರ, ನೀರಿನ ಒಳಗೇ. ಅವ್ವ ಆ ದಿಕ್ಕಿಗೆ ಕೈಮಾಡಿ ತೋರಿಸಿದಳು. "ಅಲ್ಲಿ ಒಂದ್ ರಾತ್ರಿ ಕಳದು ಬಂದ್ರ ಇಲ್ಲಿ ನೂರ್ ವರ್ಷ ಆಗಿರ್ತಾವ, ಆಯಿ" ಎಂದು ಮಗಳು ಪುಸ್ತಕದ ಮಾತು ಹೇಳಿದಳು.

"ಖರೇ ಐತಿ" ಅಂದಳು ಅವ್ವ. "ನನಗ ನಿನ್ನೆ ಬಿಟ್ಟು ಬಂದಂಗ ಆಗತೈತಿ."

ಅವ್ವ ಸೆರಗಿನ ಗಂಟು ಬಿಚ್ಚಿ ಹಸಿರು ಖಣವೊಂದನ್ನು ತೆಗೆದಳು. ಯಾವಾಗ ಕಟ್ಟಿಕೊಂಡು ಬಂದಿದ್ದಳೋ ನಾನು ನೋಡಿರಲಿಲ್ಲ. ಅಡಕತ್ತರಿಯನ್ನು ಮಾತ್ರ ಮನೆಯಲ್ಲೇ ಬಿಟ್ಟಿದ್ದಳು. "ಅವ್ರ ಹಂತೇಕ ಹೋಗುವಾಗ ಕಬ್ಬಿಣ ಯಾಕ" ಅಂದಳು. ಮಗಳು ಚಪ್ಪಲಿ ಬಿಟ್ಟು, ಕೆಸರಿನಲ್ಲಿ ಕಾಲಿಡುತ್ತ ನೀರಿನ ಅಂಚಿಗೆ ಹೋಗಿ ಖಣವನ್ನು ತೇಲಿಬಿಟ್ಟಳು. ಅದು ಅಲ್ಲೇ ಸ್ವಲ್ಪ ಹೊತ್ತು ಸುತ್ತಿ, ನೆನೆದು ಭಾರವಾಗಿ, ಒಳಗಿಳಿಯಿತು. ಅವಳು ನೋಡುತ್ತ ನಿಂತೇ ಇದ್ದಳು.

ಹೊತ್ತು ಮುಳುಗಿತು. ನಾನು ಅವಳ ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಜೋರಾಗಿ ಇನ್ನೊಮ್ಮೆ ಕೂಗಿದೆ. ಆಗಲೂ ಹಾಗೆಯೇ ನಿಂತಿದ್ದಳು. ಅವ್ವ ನನ್ನ ಮೊಣಕೈ ಹಿಡಿದು, "ಇನ್ನೊಂದ್ ಸಲ ಕರಿ" ಅಂದಳು.

ಮೂರನೇ ಸಲ ಕರೆದೆ.

"ಓ" ಅಂದಳು ಮಗಳು.