ಕರ್ಚೀಫಿನಲ್ಲಿ ಪೇಂಟ್ ವಾಸನೆ ಬಂದರೆ

ಮಕ್ಕಳ ನಶೆ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಗಾಂಜಾ. ಆದರೆ ಹೈಸ್ಕೂಲ್ ಹುಡುಗರ ಕೈಗೆ ಸುಲಭವಾಗಿ ಸಿಗುವುದು ವೈಟ್ನರ್, ತಿನ್ನರ್, ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್. ಇವನ್ನು ಬಟ್ಟೆಗೆ ಹಾಕಿ ಮೂಸಿ ಅಮಲೇರಿಸಿಕೊಳ್ಳುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಿರುವ ಚಟ ಇದೊಂದೇ: ದೊಡ್ಡವರಲ್ಲಿ ಶೇ 0.58, 10ರಿಂದ 17 ವರ್ಷದವರಲ್ಲಿ ಶೇ 1.17.

ಈ ಅಮಲು ಬೇಗ ಇಳಿಯುತ್ತದೆ. ಮನೆಗೆ ಬರುವ ಹೊತ್ತಿಗೆ ಹುಡುಗ ನೆಟ್ಟಗೇ ಇರುತ್ತಾನೆ, ಸುಳಿವು ಸಿಗುವುದು ಒಗೆಯಲು ಹಾಕಿದ ಬಟ್ಟೆಯಲ್ಲಿ. ಕರ್ಚೀಫ್ ಅಲ್ಲಲ್ಲಿ ಸೆಟೆದು ಗರಗರ ಅನ್ನುತ್ತದೆ, ಅಂಗಿಯ ತೋಳು ಪೇಂಟ್ ಅಂಗಡಿಯ ಹಾಗೆ ನಾರುತ್ತದೆ. ಮೂಗು-ಬಾಯಿಯ ಸುತ್ತ ಗುಳ್ಳೆ, ಊಟ ಸೇರದಿರುವುದು, ತಲೆನೋವು. ಒಂದೇ ಲಕ್ಷಣ ಕಂಡರೆ ಬರೀ ನೆಗಡಿಯೂ ಇರಬಹುದು, ಮೂರ್ನಾಲ್ಕು ಕೂಡಿದರೆ ಕೇಳಲೇಬೇಕು. ಮೆಡಿಕಲ್ ಶಾಪಿನ ಮೂತ್ರಪರೀಕ್ಷೆ ಕಿಟ್ ತರಬೇಡಿ. ಗಾಂಜಾ ಹಿಡಿಯುವ ಆ ಕಿಟ್‌ಗೆ ತಿನ್ನರ್ ಸಿಕ್ಕುವುದಿಲ್ಲ, ಸುಳ್ಳು ಸಮಾಧಾನ ಅಷ್ಟೇ.

ಅಮಲಿನಲ್ಲೇ ಸಿಕ್ಕಿಬಿದ್ದರೆ ಹೊಡೆಯಬೇಡಿ, ಕೂಗಾಡಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಕರುಣೆ ತೋರಿಸಿ ಅನ್ನುವುದಕ್ಕಲ್ಲ ಇದು. ತಿನ್ನರ್‌ನಲ್ಲಿರುವ ಟಾಲ್ಯುಯೀನ್‌ನಂಥ ದ್ರಾವಕ ಒಳಗೆ ಹೋದಾಗ, ಗಾಬರಿಯಾದರೆ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ಹಾರ್ಮೋನಿಗೆ ಹೃದಯ ವಿಪರೀತ ಸ್ಪಂದಿಸುತ್ತದೆ. ಹುಡುಗ ಗಾಬರಿಬಿದ್ದು ಓಡಿದರೆ ಬಡಿತದ ಲಯ ತಪ್ಪಿ ಹೃದಯ ನಿಂತೇಹೋಗಬಹುದು, ಮೊದಲ ಸಲ ಮೂಸಿದವನಿಗೂ. ಕಿಟಕಿ ತೆರೆಯಿರಿ, ಒಲೆ ಆರಿಸಿ (ಈ ಆವಿಗೆ ಬೆಂಕಿ ಹತ್ತುತ್ತದೆ), ಕೂರಿಸಿ ಮೆಲ್ಲಗೆ ಮಾತಾಡಿಸಿ. ಮಂಪರು ಹತ್ತಿದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರೂ ಹಾಕಬೇಡಿ. ಎಚ್ಚರ ತಪ್ಪಿದರೆ ತಕ್ಷಣ 108.

ಬುದ್ಧಿಮಾತು ಮಾರನೇ ದಿನಕ್ಕಿರಲಿ. ಎದುರುಬದುರು ಕೂರಿಸಿಕೊಂಡರೆ ಅದು ವಿಚಾರಣೆ ಆಗಿಬಿಡುತ್ತದೆ, ಸ್ಕೂಟರಿನ ಹಿಂದೆ ಕೂತ ಮಗ ಹೆಚ್ಚು ಮಾತಾಡುತ್ತಾನೆ. "ಯಾರು ಕಲಿಸಿದ್ದು ನಿಂಗೆ?" ಅಂದರೆ ಸ್ನೇಹಿತನನ್ನು ಬಚ್ಚಿಡುತ್ತಾನೆ. "ಯಾವಾಗ ಬೇಕು ಅನ್ಸುತ್ತೆ ಕಂದಾ?" ಅಂದರೆ ಟ್ಯೂಷನ್ ಮುಗಿದ ಮೇಲೋ, ಮಾರ್ಕ್ಸ್ ಕಾರ್ಡ್ ಬಂದ ದಿನವೋ, ಅಪ್ಪ ಕುಡಿದು ಬಂದ ರಾತ್ರಿಯೋ, ಒಂದು ಹೊತ್ತು ಗೊತ್ತಾಗುತ್ತದೆ. ಮದ್ದು ಹುಡುಕಬೇಕಾದದ್ದು ಆ ಹೊತ್ತಿಗೆ.

ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಕಾಣಬೇಕೆಂದಿಲ್ಲ, ಎಷ್ಟೋ ಸಲ ಸಿಡುಕಾಗಿ ಹೊರಬರುತ್ತದೆ. ಸಿಡುಕು, ನಿದ್ದೆಗೇಡು, ಮೊದಲು ಇಷ್ಟವಿದ್ದ ಕ್ರಿಕೆಟ್ಟೂ ಬೇಡವಾಗುವುದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. "ಸಾಯ್ಬೇಕು ಅನ್ಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಮಾತ್ರೆ, ಕೀಟನಾಶಕ ಬೀಗದೊಳಗಿಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗವಿದೆ.

ಶಾಲೆಯವರಿಗೊಂದು ಮಾತು: ಬಾಟಲಿ ವೈಟ್ನರ್ ಬದಲು ಕರೆಕ್ಷನ್ ಟೇಪ್ ತರಿಸಿ. ಸಿಕ್ಕಿಬಿದ್ದವನಿಗೆ ಟಿಸಿ ಕೊಟ್ಟು ಕಳಿಸಿದರೆ ಇಡೀ ದಿನ ಅವನಿಗೆ ಬೀದಿಯೇ ಗತಿ.

ಡಾಕ್ಟರ ಹತ್ತಿರ ಹೋಗುವಾಗ ಏನು, ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅದನ್ನು ಕೊಟ್ಟು ಹತ್ತು ನಿಮಿಷ ಹೊರಗೆ ಬನ್ನಿ. ನೀವು ಪಕ್ಕದಲ್ಲಿದ್ದರೆ ಅವನು ಅರ್ಧವೂ ಹೇಳುವುದಿಲ್ಲ.